ಶುಕ್ರವಾರದ ಓಟ ನಿಂತ ಮೇಲೆ

ಎರಡನೇ ವೈಶಾಖ, ಬಹುಳ ಪಂಚಮಿ, ಶುಕ್ರವಾರ
ಪೆಟ್ರೋಲು ಬತ್ತಿದ ಎಂಬತ್ತೆಂಟನೆಯ ವರ್ಷ
ಜಾರುಕಟ್ಟೆ, ಗಜೇಂದ್ರಗಡದ ಗುಡ್ಡದ ತೆಂಕಣ ಮಗ್ಗುಲು

ಮರ್ದಾನಸಾಬ ನದಾಫ್ ಅವರಿಗೆ ಫಕೀರವ್ವ ಮಾಡುವ ನಮಸ್ಕಾರ.

ಈ ತಾರೀಖನ್ನು ಓದಿ ನೀವು ಹುಬ್ಬು ಗಂಟಿಕ್ಕಿರುತ್ತೀರಿ. ಇದು ಅಧಿಕ ಮಾಸವಲ್ಲ. ಬೇಸಿಗೆ ಹಿಗ್ಗುತ್ತ ಹೋಗಿ ಇದ್ದ ತಿಂಗಳುಗಳು ಸಾಲದಾದಾಗ ನಮ್ಮ ಹಿರಿಯರು ಪ್ರತಿ ವರ್ಷವೂ ವೈಶಾಖವನ್ನು ಎರಡು ಸಲ ಎಣಿಸತೊಡಗಿದರು. ಮಳೆಯೇ ಇಲ್ಲದ ಶ್ರಾವಣವನ್ನು ಕೈಬಿಟ್ಟರು. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ದಾರಿಬದಿಯ ಕಲ್ಲುಗಳಿಂದ ಮತ್ತು ಅಳಿದುಳಿದ ಶಾಲಾ ಪುಸ್ತಕಗಳಿಂದ. ನಾನು ಬರೆಯುತ್ತಿರುವುದು ಹಿಂದೋಲೆ. ಮನೆಯಲ್ಲಿ ಅಕಾಲ ಮರಣವಾದರೆ ಸತ್ತವರ ಸೋದರತ್ತೆ ಹಿರಿಯರಿಗೊಂದು ತಕರಾರಿನ ಪತ್ರ ಬರೆದು ಒಲೆಯ ಬೂದಿಯಲ್ಲಿ ಹೂಳಬೇಕು, ಅದಕ್ಕೆ ನಮ್ಮಲ್ಲಿ ಆ ಹೆಸರು. ಓಲೆ ಹಿಂದಕ್ಕೆ ಹೋಗಿ ಹಿರಿಯರು ಬದುಕಿದ್ದ ಕಾಲವನ್ನೇ ಮುಟ್ಟುತ್ತದೆ ಎಂದು ನಂಬಿಕೆ. ತಲುಪುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಬೈಯುವುದಕ್ಕೆ ಪೂರ್ತಿ ಅನುಮತಿ ಇದೆ. ನನ್ನ ನಾಲಿಗೆಗೆ ಹೇಳಿ ಮಾಡಿಸಿದ ಪದ್ಧತಿ ಎಂದು ಊರವರು ನಗುತ್ತಿದ್ದರು. ಈ ಸಲ ಯಾರೂ ನಗಲಿಲ್ಲ.

ಸ್ವಂತ ಹಿರಿಯರನ್ನು ಬಿಟ್ಟು ನಿಮಗೇಕೆ ಬರೆಯುತ್ತಿದ್ದೇನೆಂದರೆ, ಸತ್ತವಳು ನನ್ನ ತಮ್ಮನ ಮಗಳು ಹುಲಿಗೆವ್ವ, ಸತ್ತದ್ದು ನಿಮ್ಮ ಜೀಪು ಕೈಕೊಟ್ಟದ್ದರಿಂದ. ನಿಮ್ಮದೆಂದು ಹೇಗೆ ಗೊತ್ತು ಎನ್ನಬೇಡಿ. ಹಿಂದಿನ ತಗಡಿನ ಮೇಲೆ ನಿಮ್ಮ ಹೆಸರೂ ಊರೂ ಹಳದಿ ಬಣ್ಣದಲ್ಲಿವೆ. ಬಣ್ಣ ಮಾಸಿದಂತೆಲ್ಲ ನಾವು ಅದೇ ಅಕ್ಷರಗಳ ಮೇಲೆ ಮತ್ತೆ ಬರೆಯುತ್ತ ಬಂದಿದ್ದೇವೆ. ನೀವು ಈಗ ಆ ಜೀಪನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಹೊಸ ಕಾರು ತಂದಿದ್ದೀರಿ, ಮನೆಯವರೆಲ್ಲ ಗುಜರಿಗೆ ಹಾಕಿ ಎಂದು ಗಂಟು ಬಿದ್ದಿದ್ದಾರೆ, ನೀವು ಮಾತ್ರ ಶುಕ್ರವಾರದ ನಮಾಜು ಮುಗಿಸಿಕೊಂಡು ಅದನ್ನು ಹತ್ತಿ ರೋಣದವರೆಗೆ ಹೋಗಿ ಬರುತ್ತೀರಿ ಎಂದು ನಮ್ಮ ಮುತ್ತಜ್ಜಿಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಮುತ್ತಜ್ಜಿಗೆ ಜೀಪು ಕೊಡುವಾಗ ನೀವು ಹೇಳಿದ್ದು ಇಷ್ಟೇ ಅಂತೆ: ಶುಕ್ರವಾರ ಶುಕ್ರವಾರ ಓಡಿಸ್ರಿ, ತಪ್ಪಿಸಬ್ಯಾಡ್ರಿ.

ನಮ್ಮ ಊರಿನ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯದು. ನಾವು ನೆಲಮನೆಗಳಲ್ಲಿದ್ದೇವೆ. ಎಂದರೆ ಗುಡ್ಡದ ಮಗ್ಗುಲನ್ನು ಅಗೆದು ಒಳಗೆ ಕಟ್ಟಿದ ಮನೆಗಳು, ಹೊರಗಿನ ಉರಿ ಅಲ್ಲಿಗೆ ಅಷ್ಟಾಗಿ ಇಳಿಯುವುದಿಲ್ಲ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ ಬಿಸಿಲೇರುವುದರೊಳಗೆ ಗೂಡು ಸೇರುತ್ತೇವೆ, ನಡುಹಗಲೆಲ್ಲ ಮಲಗುತ್ತೇವೆ. ಸಜ್ಜೆ ರೊಟ್ಟಿ, ಹುರುಳಿ, ಆಡಿನ ಹಾಲು, ಇವೇ ನಮ್ಮ ಊಟ. ನಿಮ್ಮ ಕಾಲದ ಗಾಳಿಗಿರಣಿಗಳು ಬಯಲಿನ ತುಂಬ ನಿಂತಿವೆ, ಒಂದೂ ತಿರುಗುವುದಿಲ್ಲ. ನೀವು ಹೆಮ್ಮೆಯಿಂದ ಕೊಂಡ ಹೊಸ ಕಾರುಗಳು, ಒಳಗೆ ಬುದ್ಧಿ ತುಂಬಿಸಿಟ್ಟವು, ಆ ಬುದ್ಧಿ ಕೆಟ್ಟ ದಿನವೇ ಕೋಳಿಗೂಡಾದವು. ಉಳಿದದ್ದು ಈ ದಡ್ಡ ಜೀಪು ಒಂದೇ. ಇದಕ್ಕೆ ಡೀಸೆಲ್ಲಿನ ಬದಲು ಸೋಸಿದ ಹೊಂಗೆಎಣ್ಣೆ ಸಾಕು. ಬ್ಯಾಟರಿ ಬೇಡ, ಇಳಿಜಾರಿನಲ್ಲಿ ಉರುಳಿಬಿಟ್ಟು ಗೇರು ಕೊಟ್ಟರೆ ಎಂಜಿನು ಏಳುತ್ತದೆ. ಹಾಗಾಗಿ ಅದನ್ನು ಸದಾ ಗುಡ್ಡದ ಕಟ್ಟೆಯ ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆವು. ಊರಿಗೆ ಜಾರುಕಟ್ಟೆ ಎಂಬ ಹೆಸರು ಬಂದದ್ದೂ ಅದರಿಂದಲೇ. ಊರಿನಿಂದ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಎರಡು ದಿನದ ದಾರಿ. ಜೀಪಿನಲ್ಲಿ ಹೋದರೆ ರೊಟ್ಟಿ ಆರುವುದರೊಳಗೆ ಮುಟ್ಟಬಹುದು.

ನಮ್ಮ ಮನೆಯ ಹೆಣ್ಣುಮಕ್ಕಳೇ ಅದರ ಚಾಲಕರು. ಮುತ್ತಜ್ಜಿಯಿಂದ ಅಜ್ಜಿಗೆ, ಅವ್ವನಿಗೆ, ನನಗೆ. ಪ್ರತಿ ಶುಕ್ರವಾರ ಎಂಜಿನು ಪೂರ್ತಿ ಕಾಯುವವರೆಗೆ ಓಡಿಸಿ ತಿರುಗಿ ಬರುವುದಕ್ಕೆ ಓಟ ಎನ್ನುತ್ತೇವೆ. ಓಟಕ್ಕೆ ಪ್ರತಿ ಮನೆಯೂ ಒಂದು ಬಟ್ಟಲು ಹೊಂಗೆಎಣ್ಣೆ ಕೊಡಬೇಕು. ಹೋಗುವಾಗ ಕುಂಬಾರರ ಮಡಕೆ, ಬರುವಾಗ ಉಪ್ಪು. ದಾರಿಯ ಹಳ್ಳಿಗಳವರು ಸದ್ದು ಕೇಳಿ ಹೊರಗೆ ಬಂದು ನಿಲ್ಲುತ್ತಿದ್ದರು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ನಮ್ಮಿಂದಲೇ ಮುಟ್ಟುತ್ತಿತ್ತು. ಗಾಲಿ ಹಾಯುತ್ತಿದ್ದುದರಿಂದ ದಾರಿಯಲ್ಲಿ ಜಾಲಿ ಬೆಳೆಯುತ್ತಿರಲಿಲ್ಲ. ಇದೆಲ್ಲ ಓಟದ ಲಾಭ ಎಂದು ಆಗ ಯಾರಿಗೂ ಅನಿಸಿರಲಿಲ್ಲ, ನನಗೂ ಇಲ್ಲ. ಶುಕ್ರವಾರ ಎಂದರೆ ಓಟ, ಅಷ್ಟೇ.

ನನಗೆ ಮಕ್ಕಳಿಲ್ಲ. ನನ್ನ ನಂತರ ಸ್ಟೇರಿಂಗು ಹುಲಿಗೆವ್ವನದು ಎಂದು ಅವಳು ಹುಟ್ಟಿದಾಗಲೇ ತೀರ್ಮಾನವಾಗಿತ್ತು. ತಾಯಿಯನ್ನು ಕಳೆದುಕೊಂಡ ಕೂಸು. ನನ್ನ ತಮ್ಮ ಯಮನೂರಪ್ಪ ಅವಳನ್ನು ಅಂಗೈಯಲ್ಲಿಟ್ಟು ಬೆಳೆಸಿದ. ಅವಳ ಕಾಲು ಕ್ಲಚ್ಚಿಗೆ ಎಟಕುವ ಮೊದಲೇ ಅವಳ ಕಿವಿ ಎಂಜಿನನ್ನು ಕಲಿತಿತ್ತು. ಅತ್ತೀ, ಇವತ್ತ ಇದರ ದನಿ ಒಣಗೈತಿ ನೋಡು ಎನ್ನುತ್ತಿದ್ದಳು. ಬಗ್ಗಿ ನೋಡಿದರೆ ಎಲ್ಲೋ ಎಣ್ಣೆ ಸೋರಿರುತ್ತಿತ್ತು. ಬಾಯಿ ನನ್ನಂಥದೇ. ಅತ್ತೆಯ ಬಾಯಿ, ಅಪ್ಪನ ಮೂಗು, ಇವಳನ್ನ ಯಾರು ಮದುವಿ ಆಗ್ತಾರ ಎಂದು ಯಮನೂರಪ್ಪ ಚೇಷ್ಟೆ ಮಾಡುತ್ತಿದ್ದ. ಅದಕ್ಕೆ ಅವಳ ಉತ್ತರ, ಜೀಪು ದೂಡಲಿಕ್ಕೆ ಬರುವವನು ಎಂದು.

ಹೊಂಗೆಮರಗಳು ಒಮ್ಮೆ ಹೂವೇ ಬಿಡಲಿಲ್ಲ, ಮರುವರ್ಷವೂ ಅಷ್ಟಕ್ಕಷ್ಟೆ. ಎಣ್ಣೆಯ ಬಟ್ಟಲುಗಳು ಖಾಲಿ ಬರತೊಡಗಿದವು. ಯಮನೂರಪ್ಪ ನಮ್ಮ ಕೂಡುಕಟ್ಟೆಯ, ಎಂದರೆ ಊರ ಸಭೆಯ, ಹಿರಿಯ. ಅವನು ಸಭೆಯಲ್ಲಿ ಒಂದು ಮಾತು ಎತ್ತಿದ. ನಾಲ್ಕು ಮಡಕೆ, ಒಂದಿಷ್ಟು ಉಪ್ಪಿಗಾಗಿ ವಾರವಾರವೂ ಹೋಗಿ ಬರುವುದಕ್ಕೆ ಇಷ್ಟು ಎಣ್ಣೆ ಸುಡುವುದೇಕೆ? ಗಾಡಿಯೂ ಸವೆಯುತ್ತದೆ, ಎಣ್ಣೆಯೂ ಮುಗಿಯುತ್ತದೆ. ಆಪತ್ತಿಗೆ ಇರಲಿ ಎಂದು ತೆಗೆದಿಟ್ಟರಾಯಿತು. ನಿಮಗೆ ನಿಜ ಹೇಳುತ್ತೇನೆ ಮರ್ದಾನಸಾಬರೇ, ಆ ಮಾತು ಕೇಳುವುದಕ್ಕೆ ತಪ್ಪೆನಿಸುವಂಥದಲ್ಲ. ಅವನು ಲೋಭಿಯಲ್ಲ, ಮೂರ್ಖನೂ ಅಲ್ಲ. ಮನೆಯಲ್ಲಿ ಹಬ್ಬದ ಸೀರೆಯನ್ನು ಉಡದೆ ತೆಗೆದಿಡುವ ಜನ ನಾವು. ನಾನು ಎದ್ದು ನಿಂತು ಕೂಡದು ಎಂದೆ. ಯಾಕೆ ಎಂದರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು, ಮನುಷ್ಯನಿಗೇ ಹೀಗಾದರೆ ಗಾಡಿಗೆ ಹೇಗೆ ಎಂದು ಏನೇನೋ ಗಾದೆ ಹೇಳಿದೆ. ಗಾದೆ ಕೇಳಿ ಎಲ್ಲರೂ ತಲೆದೂಗಿದರು, ಆಮೇಲೆ ಯಮನೂರಪ್ಪನ ಮಾತಿಗೆ ಕೈ ಎತ್ತಿದರು. ನಿಂತ ಗಾಡಿಗೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಅದು ಎಂದೂ ನಿಂತೇ ಇರಲಿಲ್ಲ.

ಓಟ ನಿಂತಿತು. ಆದರೆ ಜನಕ್ಕೆ ಒಳಗೊಳಗೇ ಅಳುಕು. ಇಷ್ಟು ತಲೆಮಾರು ನಡೆಸಿಕೊಂಡು ಬಂದದ್ದನ್ನು ಸುಮ್ಮನೆ ಬಿಟ್ಟರೆ ಕೇಡಾದೀತು ಎಂದು ಅದರ ಬದಲು ಪೂಜೆ ಹಿಡಿದರು. ಜೀಪನ್ನು ಕಟ್ಟೆಯಿಂದ ಇಳಿಸಿ, ಸಮತಟ್ಟಾದ ಜಾಗದಲ್ಲಿ ಕಲ್ಲಿನ ಮಂಟಪ ಕಟ್ಟಿ ಒಳಗೆ ನಿಲ್ಲಿಸಿದರು. ಶುಕ್ರವಾರ ಬೆಳಿಗ್ಗೆ ಬಾನೆಟ್ಟಿನ ಮೇಲೆ ಹಾಲು ಎರೆದರು. ಕುಂಕುಮ ಹಚ್ಚಿದರು, ಕಾಯಿ ಒಡೆದು ಸೀಟಿನ ಮೇಲಿಟ್ಟರು. ಕಾಯಿಚೂರಿಗೆ ಇಲಿ ಬಂದವು, ಕಾಯಿ ಮುಗಿದ ಮೇಲೆ ರಬ್ಬರಿನ ಕೊಳವೆಗಳಿಗೆ ಬಾಯಿ ಹಾಕಿದವು. ಹಾಲು ಎಲ್ಲೆಲ್ಲಿ ಇಳಿಯಿತೋ ಅಲ್ಲೆಲ್ಲ ತುಕ್ಕು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ನಂದಾದೀಪ. ಹೊಂಗೆಎಣ್ಣೆಯ ದೀಪ, ಹಗಲೂ ಇರುಳೂ. ಓಟಕ್ಕೆ ಒಂದು ಬಟ್ಟಲು ಕೊಡಲಾರದ ಮನೆಗಳು ದೀಪಕ್ಕೆ ಸರದಿ ಹಚ್ಚಿ ಎಣ್ಣೆ ತಂದವು. ಆ ದೀಪ ಕುಡಿದ ಎಣ್ಣೆಯಲ್ಲಿ ನಾನು ಪ್ರತಿ ಶುಕ್ರವಾರ ಅರ್ಧ ದಾರಿಯಾದರೂ ಹೋಗಿಬರುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಬಾಯಿಬಿಟ್ಟು ಹೇಳಿದೆ. ಫಕೀರವ್ವನಿಗೆ ಸ್ಟೇರಿಂಗು ಹೋದ ಸಂಕಟ ಎಂದರು.

ಹುಲಿಗೆವ್ವ ಅಪ್ಪನ ಬೆನ್ನು ಬಿಡಲಿಲ್ಲ. ದಿನವೂ ಊಟಕ್ಕೆ ಕೂತಾಗ ಅದೇ ಮಾತು. ಕೊನೆಗೆ ಅವನು ಒಂದು ರಾಜಿಗೆ ಬಂದ. ಅಮಾವಾಸ್ಯೆಗೊಮ್ಮೆ ಮುಂದೆ ಹಿಡಿಕೆ ಹಾಕಿ ತಿರುವಿ, ಮಂಟಪದೊಳಗೇ ಎಂಜಿನು ಎಬ್ಬಿಸಿ, ಆರತಿ ಮುಗಿಯುತ್ತಲೇ ನಿಲ್ಲಿಸುವುದು. ಅವಳು ಸಂತೋಷಪಟ್ಟಳು, ನಾನೂ ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಅದೂ ಕೇಡೇ ಆಯಿತೆಂದು ಆಮೇಲೆ ಎಂಜಿನು ಬಿಚ್ಚಿದಾಗ ತಿಳಿಯಿತು. ಎಂಜಿನು ಚೆನ್ನಾಗಿ ಕಾದರೆ ಮಾತ್ರ ಒಳಗಿನ ನೀರಿನ ಪಸೆ ಆವಿಯಾಗಿ ಹೋಗುತ್ತದೆ. ಅರೆಬೆಚ್ಚಗೆ ಮಾಡಿ ಆರಿಸಿದರೆ ಆ ಪಸೆ ಒಳಗೇ ಕೂತು ಉಕ್ಕನ್ನು ತಿನ್ನುತ್ತದೆ. ಗಾಲಿಗಳಂತೂ ತಿರುಗಲೇ ಇಲ್ಲ. ಟೈರು ನಿಂತಲ್ಲೇ ಚಪ್ಪಟೆಯಾಯಿತು, ಬ್ರೇಕು ಕಚ್ಚಿಕೊಂಡಿತು, ತೊಟ್ಟಿಯ ಎಣ್ಣೆ ಅಂಟಾಯಿತು. ಹೊರಗಿನಿಂದ ನೋಡಿದರೆ ಜೀಪು ಮದುಮಗಳ ಹಾಗಿತ್ತು.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಹುಲಿಗೆವ್ವನಿಗೆ ಹೊಟ್ಟೆನೋವು ಬಂತು. ಮೊದಲು ಹೊಕ್ಕುಳ ಸುತ್ತ, ಆಮೇಲೆ ಬಲಗಡೆ ಕೆಳಗೆ. ಜ್ವರ ಏರಿತು, ನೀರೂ ನಿಲ್ಲಲಿಲ್ಲ. ನಮ್ಮ ಸೂಲಗಿತ್ತಿ ಕೈ ಇಟ್ಟು ನೋಡಿ, ಇದು ಕರುಳಿನ ಬಾಲದ ಬಾವು, ಕೊಯ್ಯಲೇಬೇಕು, ಇವತ್ತೇ ಆಸ್ಪತ್ರೆ ಮುಟ್ಟಿಸಿದರೆ ಉಳಿಯುತ್ತಾಳೆ ಎಂದಳು. ಯಮನೂರಪ್ಪ ಓಡಿಬಂದು ನನ್ನ ಕೈ ಹಿಡಿದ. ಅವನ ಮುಖದಲ್ಲಿ ಹೆದರಿಕೆಗಿಂತ ಧೈರ್ಯವೇ ಹೆಚ್ಚಿತ್ತು. ನೋಡಕ್ಕಾ, ಇಂಥಾ ದಿನಕ್ಕಂತನ ತೆಗದಿಟ್ಟೇವಿ ಅಂದ.

ಹಿಡಿಕೆ ತಿರುವಿದರೆ ಎಂಜಿನು ಏಳಲಿಲ್ಲ, ಕಚ್ಚಿದ ಬ್ರೇಕನ್ನು ಬಡಿದು ಬಿಡಿಸುವವರೆಗೆ ಗಾಲಿ ಉರುಳಲೊಲ್ಲವು. ಊರಿಗೆ ಊರೇ ಹೆಗಲು ಕೊಟ್ಟು ಎಳೆದುಕೊಂಡು ಕಟ್ಟೆಗೆ ತಂದಿತು. ಮೊದಲ ಸಲ ಉರುಳಿಸಿದಾಗ ಏಳಲಿಲ್ಲ. ಮತ್ತೆ ಮೇಲೆಳೆದು ಬಿಟ್ಟರು. ಬಿಸಿಲೇರುತ್ತಿತ್ತು. ಹಾಗೆ ಎಳೆದು ಬಿಟ್ಟು ಎಳೆದು ಬಿಟ್ಟು ಕೊನೆಗೆ ಕರಿ ಹೊಗೆ ಕಾರಿ ಎದ್ದಿತು, ಜನ ಅಳುತ್ತ ಕೈ ಮುಗಿದರು. ಹಿಂದೆ ಅಪ್ಪನ ತೊಡೆಯ ಮೇಲೆ ಹುಲಿಗೆವ್ವ. ದಾರಿ ಎಲ್ಲಿತ್ತು ಅಂತೀರಿ? ಗಾಲಿ ಹಾಯುವುದು ನಿಂತ ಮೇಲೆ ಜಾಲಿ ದಾರಿಯನ್ನೆಲ್ಲ ನುಂಗಿತ್ತು. ಇಳಿದು ಕಡಿಯಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ಬಯಲಿನ ನಡುವೆ ಎಂಜಿನು ಬಿಕ್ಕಿತು. ಎಣ್ಣೆಯ ಜಾಲರಿ ಬಿಚ್ಚಿ ನೋಡಿದರೆ ಅಂಟು ಕಟ್ಟಿತ್ತು, ಸೆರಗಿನಿಂದ ಒರೆಸಿ ಹಾಕಿದೆ. ಸ್ವಲ್ಪ ದೂರ ಹೋಯಿತು. ಆಮೇಲೆ ಇಲಿ ಕಡಿದ ಕೊಳವೆ ಬಾಯಿಬಿಟ್ಟು, ಇದ್ದ ಎಣ್ಣೆಯೆಲ್ಲ ನಮ್ಮ ಕಣ್ಣೆದುರೇ ನೆಲಕ್ಕೆ ಹೋಯಿತು. ಹುಲಿಗೆವ್ವನಿಗೆ ಇನ್ನೂ ಎಚ್ಚರವಿತ್ತು. ಅವಳು ಮಲಗಿದ್ದಲ್ಲಿಂದಲೇ ಕೇಳಿದಳು.

“ಅತ್ತೀ, ನಿಂತಿತೇನು?”

ಇಲ್ಲವ್ವ, ಆರಲಿ ಅಂತ ನಿಲ್ಲಿಸೀನಿ ಎಂದೆ. ಅವಳಿಗೆ ಎಂಜಿನಿನ ವಿಷಯದಲ್ಲಿ ಸುಳ್ಳು ಹೇಳಿದ್ದು ಅದೊಂದೇ ಸಲ, ಅವಳು ನಂಬಲಿಲ್ಲ. ಒಂದು ಸತ್ತ ಗಾಳಿಗಿರಣಿಯ ಕಂಬದ ನೆರಳಿಗೆ ಅವಳನ್ನು ಇಳಿಸಿದೆವು. ಆ ನೆರಳು ಒಬ್ಬರಿಗೆ ಸಾಕಾಗುವಷ್ಟು ಅಗಲವಿತ್ತು. ಅದು ಸರಿದಂತೆ ಯಮನೂರಪ್ಪ ಅವಳನ್ನು ಹಾಸಿಗೆ ಸಮೇತ ಸರಿಸುತ್ತ ಕೂತ. ಆಮೇಲೆ ಅವಳ ನೋವು ಒಮ್ಮೆಲೇ ನಿಂತಿತು. ಗುಣವಾಯಿತೆಂದು ಅವನು ನಕ್ಕೇ ಬಿಟ್ಟ. ನನಗೆ ಗೊತ್ತಿತ್ತು, ಬಾವು ಒಳಗೆ ಒಡೆದಿತ್ತು. ಹತ್ತಿರದ ಹಳ್ಳಿಯಿಂದ ಎತ್ತಿನ ಗಾಡಿ ಬರುವ ಹೊತ್ತಿಗೆ ಅವಳು ಇರಲಿಲ್ಲ.

ಈಗ ನನ್ನ ತಕರಾರು ಕೇಳಿ. ಓಡಿಸ್ರಿ ಎಂದಿರಿ, ಯಾಕೆ ಎಂದು ಹೇಳಲಿಲ್ಲ. ಹೇಳಿದ್ದಿರೋ ಏನೋ, ನಮ್ಮವರು ಮಾತು ಇಟ್ಟುಕೊಂಡು ಕಾರಣ ಕಳೆದುಕೊಂಡರೋ ಏನೋ, ನನಗೆ ತಿಳಿಯದು. ಕಾರಣ ಗೊತ್ತಿಲ್ಲದ ಪದ್ಧತಿಯ ಜಾಗದಲ್ಲಿ ಬೇರೆ ಪದ್ಧತಿ ತಂದಿಟ್ಟರೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ನಾವು ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ ಸ್ವಾಮಿ, ಹಾಲು ಎರೆದೆವು. ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಜೀಪು ಕೈ ಬದಲಿಸುವ ದಿನ ಕೊಳ್ಳುವವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿ. ಇದು ಓಡಿ ಸವೆಯುವುದಕ್ಕಿಂತ ನಿಂತು ಸವೆಯುವುದೇ ಹೆಚ್ಚು ಎಂದು ಹೇಳಿ. ಎಣ್ಣೆ ಹರಿದಾಡದಿದ್ದರೆ ರಬ್ಬರು ಒಣಗುತ್ತದೆ, ಗಾಲಿ ತಿರುಗದಿದ್ದರೆ ಬ್ರೇಕು ಹಿಡಿಯುತ್ತದೆ, ಸುಮ್ಮನೆ ಎಬ್ಬಿಸಿ ಆರಿಸಿದರೆ ಸಾಲದು, ಕಾಯುವವರೆಗೆ ಓಡಬೇಕು ಎಂದು ಹೇಳಿ. ಅವರು ಆಕಳಿಸಿದರೂ ಬಿಡಬೇಡಿ. ನಮ್ಮ ಮುತ್ತಜ್ಜಿ ಮಾತು ಕೇಳಿಸಿಕೊಳ್ಳದ ಹೆಂಗಸು ಅಂತೆ, ಅವಳಿಗೆ ಎರಡು ಸಲ ಹೇಳಿ.

ಇನ್ನು ಉಳಿದದ್ದು ಇವತ್ತಿನ ಸಂಗತಿ. ಎತ್ತು ಕಟ್ಟಿ ಎಳೆದು ತಂದ ಜೀಪನ್ನು ಮತ್ತೆ ಮಂಟಪದಲ್ಲಿಡಬೇಕು, ಈ ಸಲ ಬಾಗಿಲಿಗೆ ಬೀಗ ಹಾಕಬೇಕು, ದೇವರು ಮುನಿದಿದ್ದಾನೆ ಎಂದು ಕೂಡುಕಟ್ಟೆಯಲ್ಲಿ ಮಾತಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ. ನಾನು ಯಾರನ್ನೂ ಕೇಳದೆ ಕಟ್ಟೆಯ ಮೇಲೇ ನಿಲ್ಲಿಸಿಕೊಂಡು ಬಿಚ್ಚತೊಡಗಿದೆ. ತುಕ್ಕು ಕೆರೆದೆ, ಎಣ್ಣೆಯಲ್ಲಿ ನೆನೆಸಿದ ಆಡಿನ ತೊಗಲಿನಿಂದ, ಕೀಲುಗಳಲ್ಲಿ ಎಣ್ಣೆ ಸೋರದ ಹಾಗೆ, ಬಿಗಿಪಟ್ಟಿ ಕೊಯ್ದು ಕೂರಿಸಿದೆ, ಹಳೆಯ ತಾಮ್ರದ ಕೊಳವೆ ಹುಡುಕಿ ಹಾಕಿದೆ. ದೀಪಕ್ಕೆ ಎಣ್ಣೆ ಹೊತ್ತು ತರುತ್ತಿದ್ದವರ ಮನೆಗೆ ಹೋಗಿ ಆ ಬಟ್ಟಲುಗಳನ್ನು ಕಸಿದುಕೊಂಡೇ ಬಂದೆ. ಯಾರೂ ಎದುರಾಡಲಿಲ್ಲ. ಯಮನೂರಪ್ಪ ದೂರದಲ್ಲಿ ಕೂತು ದಿನವೂ ನೋಡುತ್ತಿದ್ದ. ಆ ದಿನದಿಂದ ಅವನು ನನ್ನೊಡನೆ ಮಾತಾಡಿರಲಿಲ್ಲ. ಕೆಳಗಿನ ಓಣಿಯಲ್ಲಿ ಒಬ್ಬಳು ಬಸುರಿ ಇದ್ದಾಳೆ, ಹಿಂದಿನ ಎರಡು ಹೆರಿಗೆಯಲ್ಲೂ ಸಾವಿನ ಬಾಗಿಲು ತಟ್ಟಿ ಬಂದವಳು. ಅವಳ ಗಂಡ ನಿನ್ನೆ ಬಂದು ಜೀಪು ಎದ್ದೀತೇ ಎಂದು ತಲೆ ತಗ್ಗಿಸಿ ಕೇಳಿ ಹೋಗಿದ್ದ.

ಇವತ್ತು ಬೆಳಿಗ್ಗೆ ಗಾಲಿಯ ಅಡಿಗಲ್ಲು ತೆಗೆಯಲು ಬಗ್ಗಿದಾಗ ಯಮನೂರಪ್ಪ ಬಂದು ಬಾನೆಟ್ಟಿಗೆ ಕೈಯೂರಿ ನಿಂತ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ನನಗೆ ಉತ್ತರವಿತ್ತು.

“ಅಕ್ಕಾ, ಎಬ್ಬಿಸಬ್ಯಾಡ” ಎಂದ. “ಅದು ಪೂರ್ತಿ ಸತ್ತ ಹೋಗಿತ್ತು, ಯಾರ ಏನ್ ಮಾಡಿದ್ರೂ ಏಳ್ತಿರಲಿಲ್ಲ ಅಂತ ನಂಬಕೊಂಡು ಬದಕೀನಿ. ಇವತ್ತ ಅದು ಎದ್ದರ, ನನ್ನ ಮಗಳನ್ನ ನಾನ ಕೊಂದಂಗ ಆಗ್ತೈತಿ.”

ಅವನಿಗಿಂತ ಹಿರಿಯಳು ನಾನು, ಅವ್ವ ಹೊಲಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನ ಕೈಯನ್ನು ಬಾನೆಟ್ಟಿನಿಂದ ಬಿಡಿಸಿ, ಹಿಡಿದುಕೊಂಡು, ಪಕ್ಕಕ್ಕೆ ಕರೆದೊಯ್ದು ಕೂರಿಸಿದೆ. ಅವನು ಕೂಸಿನ ಹಾಗೆ ಬಂದು ಕೂತ. ಆಮೇಲೆ ಹೋಗಿ ಅಡಿಗಲ್ಲು ತೆಗೆದೆ. ಗಾಡಿ ಉರುಳಿತು. ಗೇರು ಕೊಟ್ಟೆ. ದೇವರೇ, ತಕ್ಷಣ ಏಳಬೇಡ, ಎರಡು ಸಲ ಬಿಕ್ಕು, ಒಂದು ಸಲ ಒಲ್ಲೆ ಅನ್ನು, ಅವನಿಗೆ ಹೇಳಲಿಕ್ಕೆ ನನ್ನ ಕೈಯಲ್ಲಿ ಏನಾದರೂ ಉಳಿಸು ಎಂದು ಬೇಡಿಕೊಂಡೆ.

ಮೊದಲ ಉರುಳಿಗೇ ಎದ್ದಿತು, ಮರ್ದಾನಸಾಬರೇ. ಹೊಗೆ ಕೂಡ ಕಾರಲಿಲ್ಲ. ದನಿ ಎಲ್ಲೂ ಒಣಗಿರಲಿಲ್ಲ.

ಎಂಜಿನು ಕಾಯುವವರೆಗೆ ಓಡಿಸಿ ತಿರುಗಿ ಬಂದೆ. ನಾನು ಕೂರಿಸಿದ ಜಾಗದಲ್ಲೇ ಅವನು ಕಿವಿ ಮುಚ್ಚಿಕೊಂಡು ಕೂತಿದ್ದ. ಇಷ್ಟು ಬರೆಯುವ ಹೊತ್ತಿಗೂ ಎದ್ದಿಲ್ಲ, ನಾನು ಇಟ್ಟ ನೀರು ಹಾಗೇ ಇದೆ. ಬರುವ ಶುಕ್ರವಾರವೂ ನಾನು ಓಡಿಸುತ್ತೇನೆ, ಅವನು ಕೇಳುತ್ತಾನೆ. ಅದರ ಮುಂದಿನ ಶುಕ್ರವಾರವೂ ಹಾಗೇ. ನಿಮ್ಮ ಕಾಲದ ತಂಪಿನಲ್ಲಿ ಆರಾಮಾಗಿರಿ, ಒಂದು ದಿನ ನನ್ನ ತಮ್ಮನ ಹೆಸರು ಹೇಳಿ ದುವಾ ಮಾಡಿ.

ಇಂತಿ,
ಜೀಪಿನ ಫಕೀರವ್ವ